ಒಳಬಾಗಿನ ಮಡಚು ಚಾಕು ಕತ್ತರಿಸದಿದ್ದಾಗ: ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವ ಬಗೆ

ಮಂಡ್ಯ, ಶ್ರೀರಂಗಪಟ್ಟಣದ ಕಡೆ ಜೇಬಿನಲ್ಲಿ ಚಾಕು ಇಟ್ಟುಕೊಳ್ಳುವವರು ಹೆಚ್ಚಾಗಿ ತೋಟದವರು. ಡ್ರಿಪ್ ಪೈಪ್ ತುಂಡರಿಸಬೇಕು, ಗೊಬ್ಬರದ ಚೀಲದ ಹೊಲಿಗೆ ಬಿಚ್ಚಬೇಕು, ಬಾಳೆ ಎಲೆ ಕೊಯ್ಯಬೇಕು, ಹಿಪ್ಪುನೇರಳೆ ಕಡ್ಡಿ ಸವರಬೇಕು. ಅವರು ಆನ್‌ಲೈನಿನಲ್ಲಿ ತರಿಸಿಕೊಳ್ಳುವ ಮಡಚು ಚಾಕುಗಳಲ್ಲಿ ಬಾಯಿ ನೇರವಾಗಿಲ್ಲದ ಒಂದು ಜಾತಿಯಿದೆ. ಪೆಟ್ಟಿಗೆಯ ಮೇಲೆ ‘ರಿಕರ್ವ್’ ಎಂದು ಬರೆದಿರುತ್ತದೆ. ಹಿಡಿಯ ಹತ್ತಿರ ಹೊರಟ ಬಾಯಿ ಮೊದಲು ಬೆನ್ನಿನ ಕಡೆಗೆ ಒಳಕ್ಕೆ ಬಾಗುತ್ತದೆ, ಆಮೇಲೆ ಹೊಟ್ಟೆಯಾಗಿ ಹೊರಕ್ಕೆ ಉಬ್ಬುತ್ತದೆ, ಕೊನೆಗೆ ಮೊನೆಯತ್ತ ಮೇಲೇಳುತ್ತದೆ. ಕೊಡಗಿನ ಒಡಿಕತ್ತಿಯಲ್ಲಿ, ನೇಪಾಳದ ಖುಕ್ರಿಯಲ್ಲಿ ಇದೇ ಒಳಬಾಗು ದೊಡ್ಡದಾಗಿ ಕಾಣುತ್ತದೆ. ಎಳೆದು ಕೊಯ್ಯುವಾಗ ಹಗ್ಗವಾಗಲಿ ಬಾಳೆಯ ದಂಟಾಗಲಿ ಜಾರಿ ಹೋಗದೆ ಆ ಬಾಗಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮೂರು ಇಂಚಿನ ಚಾಕುವಿನಲ್ಲೂ ಅದರ ಲಾಭ ಕೈಗೆ ಗೊತ್ತಾಗುತ್ತದೆ.

ಆದರೆ ಮೊದಲ ಸಲ ಮೊಂಡಾದ ಮೇಲೆ ಈ ಚಾಕು ಮತ್ತೆ ಹರಿತವಾಗುವುದೇ ಇಲ್ಲ ಎಂಬ ದೂರು ಸಾಮಾನ್ಯ. ದೂರು ಹೇಳುವವರ ಚಾಕು ತೆಗೆದು ನೋಡಿದರೆ ಹೊಟ್ಟೆಯ ಭಾಗ ಕ್ಷೌರದ ಕತ್ತಿಯಂತಿರುತ್ತದೆ, ಒಳಬಾಗಿನಲ್ಲಿ ಬೆರಳು ಎಳೆದರೂ ಗೀರು ಬೀಳುವುದಿಲ್ಲ. ಅವರು ಮಾಡುವುದೇನೆಂದರೆ ಇನ್ನಷ್ಟು ಮಸೆಯುತ್ತಾರೆ, ಅದೇ ಕಲ್ಲಿನ ಮೇಲೆ, ಅದೇ ರೀತಿಯಲ್ಲಿ. ಕಲ್ಲಿಗೆ ಹೋದ ಉಕ್ಕು ಮರಳಿ ಬರುವುದಿಲ್ಲ. ಆದ್ದರಿಂದ ಈ ಬರಹದ ಅರ್ಧ ಭಾಗ ಕಲ್ಲು ಮುಟ್ಟುವುದಕ್ಕೆ ಮೊದಲು ಏನು ನೋಡಬೇಕು ಎಂಬುದರ ಬಗ್ಗೆ ಇದೆ. ಟೂಲ್‌ರೂಮಿನಲ್ಲಿ ದುಡಿದವರಿಗೆ ಇದು ಹೊಸದಲ್ಲ: ಅಳೆಯದೆ ಯಾರೂ ಲೋಹ ತೆಗೆಯುವುದಿಲ್ಲ.

ಮೊದಲು ಬಾಯಿಯ ನಕ್ಷೆ ಮಾಡಿಕೊಳ್ಳಿ

ಬೇಕಾದದ್ದು ಒಂದು ದಿನಪತ್ರಿಕೆ, ಒಂದು ಟಾರ್ಚು, ಒಂದು ಪರ್ಮನೆಂಟ್ ಮಾರ್ಕರ್ ಪೆನ್ನು.

ಪತ್ರಿಕೆಯ ಒಂದು ಹಾಳೆಯನ್ನು ಗಾಳಿಯಲ್ಲಿ ಹಿಡಿದು, ಚಾಕುವಿನ ಹಿಮ್ಮಡಿಯಿಂದ, ಅಂದರೆ ಹಿಡಿಗೆ ಅಂಟಿದ ತುದಿಯಿಂದ, ಮೊನೆಯವರೆಗೆ ನಿಧಾನವಾಗಿ ಎಳೆದು ಕತ್ತರಿಸಿ. ಎಲ್ಲಿ ಹಾಳೆ ಹರಿಯಿತೋ, ಎಲ್ಲಿ ಚಾಕು ತಡೆದು ನಿಂತಿತೋ ಆ ಜಾಗವನ್ನು ಗುರುತಿಟ್ಟುಕೊಳ್ಳಿ. ವೇಗವಾಗಿ ಎಳೆದರೆ ಮೊಂಡು ಜಾಗವನ್ನು ಪಕ್ಕದ ಹರಿತ ಜಾಗ ಮುಚ್ಚಿಬಿಡುತ್ತದೆ, ಹಾಗಾಗಿ ನಿಧಾನವೇ ಬೇಕು.

ಆಮೇಲೆ ಬಾಯಿಯನ್ನು ಮೇಲೆ ಮಾಡಿ ಟಾರ್ಚಿನ ಬೆಳಕು ಬಿಟ್ಟು ನೇರ ನೋಡಿ. ನಿಜವಾಗಿ ಹರಿತವಾದ ಅಂಚಿಗೆ ಬೆಳಕನ್ನು ಹಿಂದಿರುಗಿಸುವಷ್ಟು ಅಗಲವಿರುವುದಿಲ್ಲ. ಅದು ಕಪ್ಪಾಗಿ ಕಾಣುತ್ತದೆ. ಮೊಂಡಾದ ಜಾಗ ಬಿಳಿ ಗೆರೆಯಾಗಿ ಹೊಳೆಯುತ್ತದೆ. ಚೂರು ಹಾರಿದ್ದರೆ ಆ ಜಾಗ ನಕ್ಷತ್ರದ ಹಾಗೆ ಚುಕ್ಕಿಯಾಗಿ ಮಿನುಗುತ್ತದೆ.

ಮೂರನೆಯದು ಮಾರ್ಕರ್. ಬಾಯಿಯ ಎರಡೂ ಇಳಿಜಾರುಗಳಿಗೆ ಉದ್ದಕ್ಕೂ ಶಾಯಿ ಬಳಿಯಿರಿ. ನೀವು ಎಂದಿನಂತೆ ಮಸೆಯುವ ಕಲ್ಲಿನ ಮೇಲೆ ಒತ್ತಡವಿಲ್ಲದೆ ಎರಡೋ ಮೂರೋ ಸಲ ಎಳೆದು ಮತ್ತೆ ನೋಡಿ. ಶಾಯಿ ಹೋದ ಕಡೆ ಕಲ್ಲು ಮುಟ್ಟಿದೆ, ಉಳಿದ ಕಡೆ ಮುಟ್ಟಿಲ್ಲ. ಅಂಚಿನ ತುದಿಯಲ್ಲಿ ಶಾಯಿ ಉಳಿದು ಮೇಲ್ಭಾಗದಲ್ಲಿ ಮಾತ್ರ ಹೋಗಿದ್ದರೆ ಚಾಕುವನ್ನು ತೀರಾ ಮಲಗಿಸಿ ಹಿಡಿದಿದ್ದೀರಿ. ತುದಿಯಲ್ಲಿ ಮಾತ್ರ ಹೋಗಿದ್ದರೆ ತೀರಾ ಎತ್ತಿ ಹಿಡಿದಿದ್ದೀರಿ. ಒಂದು ಪೆನ್ನಿನಿಂದ ಇಷ್ಟು ಗೊತ್ತಾಗುವಾಗ ಮಸೆಯುವ ಯಂತ್ರಗಳ ಜಾಹೀರಾತು ನೋಡಿ ಸಾವಿರಾರು ರೂಪಾಯಿ ಸುರಿಯುವುದು ನನಗೆ ಅರ್ಥವಾಗದ ಸಂಗತಿ.

ಹೊಟ್ಟೆ ಹರಿತ, ಒಳಬಾಗು ಮೊಂಡು

ಹತ್ತರಲ್ಲಿ ಬಹುಪಾಲು ಚಾಕುಗಳ ದೋಷ ಇದು. ಮಾರ್ಕರ್ ಪರೀಕ್ಷೆಯಲ್ಲಿ ಹಿಮ್ಮಡಿಯ ಹತ್ತಿರ ಒಂದಿಷ್ಟು, ಹೊಟ್ಟೆಯಲ್ಲಿ ಒಂದಿಷ್ಟು ಶಾಯಿ ಹೋಗಿರುತ್ತದೆ, ನಡುವಿನದು ಹಾಗೆಯೇ ಇರುತ್ತದೆ. ಚಪ್ಪಟೆ ಕಲ್ಲು ಎರಡು ಉಬ್ಬುಗಳ ಮೇಲೆ ಕುಳಿತು ಮಧ್ಯವನ್ನು ದಾಟಿಬಿಡುತ್ತದೆ. ಎಷ್ಟು ಒತ್ತಿದರೂ ಅಲ್ಲಿಗೆ ಇಳಿಯುವುದಿಲ್ಲ. ಕಲ್ಲನ್ನು ದೂರಬೇಡಿ, ಚಾಕುವಿನ ಉಕ್ಕನ್ನೂ ದೂರಬೇಡಿ.

ಬೇಕಾಗಿರುವುದು ದುಂಡಗಿನ ಮೈ. ಎಷ್ಟು ದುಂಡಗೆ ಎಂಬುದರಲ್ಲಿ ಒಂದು ತಪ್ಪು ಕಲ್ಪನೆಯಿದೆ. ಪೆನ್ಸಿಲಿನಷ್ಟು ಸಣ್ಣ ಕಡ್ಡಿಯೇ ಬೇಕು ಎಂದು ಜನ ಹುಡುಕುತ್ತಾರೆ. ಲೆಕ್ಕ ಹಾಕಿ ನೋಡಿ: ಒಳಬಾಗಿನ ಉದ್ದ 40 ಮಿಲಿಮೀಟರ್, ಆಳ 2 ಮಿಲಿಮೀಟರ್ ಇದ್ದರೆ ಅದು ಸುಮಾರು 10 ಸೆಂಟಿಮೀಟರ್ ತ್ರಿಜ್ಯದ ವೃತ್ತದ ಒಂದು ತುಣುಕು. ಲಟ್ಟಣಿಗೆಯ ದಪ್ಪದ ಯಾವ ವಸ್ತುವೂ ಅದರೊಳಗೆ ಆರಾಮವಾಗಿ ಕೂರುತ್ತದೆ. ದಪ್ಪ ಹೆಚ್ಚಿದಷ್ಟೂ ಬಾಯಿಗೆ ತಾಗುವ ಉದ್ದ ಹೆಚ್ಚುತ್ತದೆ, ಕೆಲಸ ಸಮನಾಗುತ್ತದೆ. ತೀರಾ ಸಣ್ಣ ಕಡ್ಡಿಯಲ್ಲಿ ಒತ್ತಡವೆಲ್ಲ ಒಂದೇ ಬಿಂದುವಿನಲ್ಲಿ ಬಿದ್ದು, ಒಂದೇ ಜಾಗದಲ್ಲಿ ಆಡಿಸಿದರೆ ಬಾಯಿಯಲ್ಲಿ ಅಲೆಅಲೆಯಾಗಿ ಗುಂಡಿ ಬೀಳುತ್ತದೆ.

ಅಂಗಡಿಯಲ್ಲಿ ಸಿಗುವ ಸೆರಾಮಿಕ್ ಕಡ್ಡಿ ಇದ್ದರೆ ಒಳ್ಳೆಯದೇ. ಇಲ್ಲದಿದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ 400, 800, 1500 ನಂಬರಿನ ವಾಟರ್ ಪೇಪರ್ (ಉಜ್ಜುಕಾಗದ; ನಂಬರ್ ಹೆಚ್ಚಿದಷ್ಟೂ ನಯ) ಒಂದೊಂದು ಹಾಳೆ ಮತ್ತು ಅರ್ಧ ಇಂಚಿನ ಗಟ್ಟಿ ಪಿವಿಸಿ ಪೈಪಿನ ಒಂದು ಅಡಿ ತುಂಡು ತನ್ನಿ. ಈ ಪೈಪಿನ ಹೊರವ್ಯಾಸ ಸುಮಾರು 21 ಮಿಲಿಮೀಟರ್ ಇರುತ್ತದೆ. ಪೇಪರನ್ನು ಅದಕ್ಕೆ ಬಿಗಿಯಾಗಿ ಸುತ್ತಿ, ಎರಡು ತುದಿಗೂ ಟೇಪು ಹಾಕಿ, ಮೇಜಿನ ಅಂಚಿಗೆ ಕ್ಲಾಂಪ್ ಮಾಡಿ. ಅಡುಗೆಮನೆಯ ಲಟ್ಟಣಿಗೆಯ ಅಳತೆ ಇದಕ್ಕಿಂತಲೂ ಚೆನ್ನಾಗಿರುತ್ತದೆ, ಆದರೆ ಅದನ್ನು ಮುಟ್ಟಬೇಡಿ. ಪೇಪರಿನ ಪುಡಿ ಚಪಾತಿಗೆ ಹೋಗುತ್ತದೆ. ಬೇರೆಯದೊಂದನ್ನು ಕೊಂಡುಕೊಳ್ಳಿ.

ಈಗಾಗಲೇ ಮನೆಯಲ್ಲಿ ಕಾರ್ಬೊರಂಡಂ ಕಲ್ಲಿದ್ದು ಬೇರೇನೂ ಕೊಳ್ಳುವ ಮನಸ್ಸಿಲ್ಲದಿದ್ದರೆ ಕಲ್ಲಿನ ಉದ್ದನೆಯ ಒಂದು ಮೂಲೆಯನ್ನು ದುಂಡಗೆ ಮಾಡಿಕೊಳ್ಳಬಹುದು. ಒರಟು ಸಿಮೆಂಟಿನ ನೆಲಕ್ಕೆ ನೀರು, ಒಂದು ಹಿಡಿ ಮರಳು ಹಾಕಿ ಆ ಮೂಲೆಯನ್ನು ಹೊರಳಿಸುತ್ತಾ ಉಜ್ಜಬೇಕು. ತಾಳ್ಮೆ ಬೇಡುವ ಕೆಲಸ, ಆದರೆ ಒಮ್ಮೆ ಮಾಡಿದರೆ ಆ ಕಲ್ಲು ಚಪ್ಪಟೆ ಬಾಯಿಗೂ ಬಾಗಿದ ಬಾಯಿಗೂ ಆಗುತ್ತದೆ. ಬಾಯಿ ದುಂಡಗಿರುವ ಉಳಿಗಳನ್ನು ಬಳಸುವ ಮರದ ಕೆತ್ತನೆಯವರು ಉಳಿಯ ಒಳಮೈಯನ್ನು ಹೀಗೆ ಅಂಚು ದುಂಡಗಾದ ಸಣ್ಣ ಕಲ್ಲಿನಿಂದಲೇ ಮಸೆಯುತ್ತಾರೆ.

ತುರ್ತಿಗೆ ಇನ್ನೊಂದು ಉಪಾಯ: ಉಪ್ಪಿನಕಾಯಿ ಭರಣಿಯನ್ನೋ ಪಿಂಗಾಣಿ ಲೋಟವನ್ನೋ ಬೋರಲು ಹಾಕಿದರೆ ತಳದಲ್ಲಿ ಹೊಳಪಿಲ್ಲದ ಒರಟು ಬಳೆಯೊಂದು ಕಾಣುತ್ತದೆ. ಅದೂ ಸೆರಾಮಿಕ್ಕೇ, ಅದೂ ದುಂಡಗಿದೆ. ಪೂರ್ತಿ ಮೊಂಡಾದ ಚಾಕುವಿಗೆ ಸಾಲದು, ಸ್ವಲ್ಪ ಮಂಕಾದ ಬಾಯಿಯನ್ನು ಎಬ್ಬಿಸುವುದಕ್ಕೆ ಸಾಕು.

ಪೇಪರಿನ ಮೇಲೆ ಮಸೆಯುವಾಗ ಬಾಯಿಯನ್ನು ಮುಂದಕ್ಕೆ ತಳ್ಳಬೇಡಿ, ಪೇಪರು ಸೀಳಿ ಹೋಗುತ್ತದೆ. ಬೆನ್ನು ಮುಂದೆ, ಬಾಯಿ ಹಿಂದೆ ಇರುವಂತೆ ಪೈಪಿನ ಉದ್ದಕ್ಕೆ ಎಳೆಯಿರಿ, ಎಳೆಯುತ್ತಲೇ ಚಾಕುವನ್ನು ಹಿಮ್ಮಡಿಯಿಂದ ಮೊನೆಯವರೆಗೆ ಸರಿಸಿ. ನಿಲ್ಲಿಸಿದ ಜಾಗದಲ್ಲಿ ಗುಂಡಿ ಬೀಳುತ್ತದೆ ಎಂಬುದು ನೆನಪಿರಲಿ.

ಕೋನದ ವಿಷಯದಲ್ಲಿ ಈ ಚಾಕುವಿಗೆ ಮಾತ್ರ ಇರುವ ಒಂದು ತೊಡಕಿದೆ. ಜೇಬಿನ ಚಾಕುವಿಗೆ ಒಂದೊಂದು ಬದಿಗೆ 15ರಿಂದ 20 ಡಿಗ್ರಿ ಸರಿಯಾದದ್ದು. 17 ಎಂದು ಇಟ್ಟುಕೊಳ್ಳೋಣ. ಬೆನ್ನನ್ನು ಎಷ್ಟು ಎತ್ತಬೇಕೆಂಬುದು ಅಲಗಿನ ಅಗಲದ ಮೇಲೆ ನಿಂತಿದೆ. ಹೊಟ್ಟೆಯ ಹತ್ತಿರ ಅಲಗು 24 ಮಿಲಿಮೀಟರ್ ಅಗಲವಿದ್ದರೆ ಬೆನ್ನು 7 ಮಿಲಿಮೀಟರ್ ಮೇಲಿರಬೇಕು. ಒಳಬಾಗಿನಲ್ಲಿ ಅಗಲ 18 ಮಿಲಿಮೀಟರ್ ಆಗಿದ್ದರೆ ಐದೂಕಾಲು ಸಾಕು. ಅಲ್ಲೂ 7 ಮಿಲಿಮೀಟರ್ ಎತ್ತಿದರೆ ಕೋನ ಸುಮಾರು 23 ಡಿಗ್ರಿಗೆ ಏರುತ್ತದೆ. ಹರಿತವಾದಂತೆ ಅನ್ನಿಸುತ್ತದೆ, ಆದರೆ ಹೊಟ್ಟೆಯಷ್ಟು ಸಲೀಸಾಗಿ ಕೊಯ್ಯುವುದಿಲ್ಲ. ‘ದುಂಡು ಕಲ್ಲಿನಲ್ಲಿ ಮಸೆದರೂ ಮಧ್ಯ ಮಂಕು’ ಎನ್ನುವವರ ಚಾಕುವಿನಲ್ಲಿ ಹೆಚ್ಚಾಗಿ ಇರುವ ಕಾರಣ ಇದೇ. ಬೆನ್ನಿನ ಎತ್ತರವನ್ನಲ್ಲ, ಕೋನವನ್ನು ಕಾಪಾಡಬೇಕು. ಮಾರ್ಕರಿನ ಶಾಯಿ ಹೆಜ್ಜೆಹೆಜ್ಜೆಗೂ ಅದನ್ನು ಹೇಳುತ್ತಾ ಹೋಗುತ್ತದೆ.

ಒಂದು ಬದಿ ಎಳೆದೆಳೆದು, ಇನ್ನೊಂದು ಬದಿಯಲ್ಲಿ ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಸವರಿದಾಗ ಸಣ್ಣ ಒರಟು ಎಳೆಯೊಂದು ತಗಲುತ್ತದೆ. ಕಾರ್ಖಾನೆಯವರು ಬರ್ ಎನ್ನುತ್ತಾರೆ. ಅದು ಹಿಮ್ಮಡಿಯಿಂದ ಮೊನೆಯವರೆಗೆ ಎಲ್ಲೂ ತುಂಡಾಗದೆ ಸಿಕ್ಕಬೇಕು. ಒಳಬಾಗಿನಲ್ಲಿ ಸಿಗದಿದ್ದರೆ ಅಲ್ಲಿ ಕೆಲಸ ಮುಗಿದಿಲ್ಲ. ಬದಿ ಬದಲಿಸಬೇಡಿ, ನಂಬರ್ ಬದಲಿಸಬೇಡಿ. 400ರಲ್ಲಿ ಬರದ ಬರ್ 1500ರಲ್ಲಿ ಬರುವುದಿಲ್ಲ.

ಇಷ್ಟು ಮಾಡಿಯೂ ಸೆರಾಮಿಕ್ ಕಡ್ಡಿ ಜಾರುತ್ತಿದೆ ಎನಿಸಿದರೆ ಎರಡನ್ನು ನೋಡಿ. ಕಡ್ಡಿಯ ಮೇಲೆ ಬೂದು ಬಣ್ಣದ ಲೋಹ ಮೆತ್ತಿಕೊಂಡಿದ್ದರೆ ಪಾತ್ರೆ ತೊಳೆಯುವ ಪುಡಿ ಹಾಕಿ ಉಜ್ಜಿ ತೊಳೆಯಿರಿ, ಮತ್ತೆ ಹಿಡಿಯುತ್ತದೆ. ಅಲಗಿನ ಮೇಲೆ ಎಸ್30ವಿ ಎಂದೋ ಅಂಥದ್ದೇ ವನೇಡಿಯಂ ಹೆಚ್ಚಿರುವ ಉಕ್ಕಿನ ಹೆಸರೋ ಇದ್ದರೆ ಕಡ್ಡಿಯ ತಪ್ಪಿಲ್ಲ: ಆ ಉಕ್ಕಿನೊಳಗಿನ ವನೇಡಿಯಂ ಕಾರ್ಬೈಡ್ ಕಣಗಳು ಸೆರಾಮಿಕ್ ಕಡ್ಡಿಯ ಅಲ್ಯುಮಿನಾಕ್ಕಿಂತ ಗಟ್ಟಿ. ಅದಕ್ಕೆ ವಜ್ರದ ಪುಡಿ ಲೇಪಿಸಿದ ದುಂಡು ಕಡ್ಡಿಯೇ ಸರಿ. 8ಸಿಆರ್13ಎಂಒವಿ ಎಂದಿರುವ ಅಗ್ಗದ ಚಾಕುಗಳಿಗೆ ಈ ತಾಪತ್ರಯವಿಲ್ಲ, ವಾಟರ್ ಪೇಪರಿನಲ್ಲೇ ಚೆನ್ನಾಗಿ ಬರುತ್ತವೆ. ತೋಟದ ಕೆಲಸಕ್ಕೆ ನಾನು ಹೇಳುವುದೂ ಅದನ್ನೇ.

ಆಕಾರವೇ ಬದಲಾಗುತ್ತಿದೆ

ಹೊಸತರಲ್ಲಿ ಅಲಗನ್ನು ಬಿಳಿ ಹಾಳೆಯ ಮೇಲಿಟ್ಟು ಪೆನ್ಸಿಲಿನಿಂದ ಸುತ್ತಲೂ ಗೆರೆ ಎಳೆದು ಇಟ್ಟುಕೊಂಡವರಿಗೆ ಈ ದೋಷ ಬೇಗ ತಿಳಿಯುತ್ತದೆ.

ಒಳಬಾಗು ಮಾಯವಾಗುತ್ತಾ ಬಾಯಿ ನೇರವಾಗುತ್ತಿದ್ದರೆ ಚಪ್ಪಟೆ ಕಲ್ಲು ಎರಡು ಉಬ್ಬುಗಳನ್ನು ತಿಂದಿದೆ. ಒಳಬಾಗು ಇನ್ನೂ ಆಳವಾಗುತ್ತಿದ್ದರೆ ದುಂಡು ಕಡ್ಡಿಯಲ್ಲಿ ಅದೊಂದನ್ನೇ ಮಸೆದು ಹೊಟ್ಟೆಯನ್ನು ಬಿಟ್ಟಿದ್ದೀರಿ. ಮದ್ದು ಒಂದೇ, ಪ್ರತಿ ಎಳೆತವೂ ಹಿಮ್ಮಡಿಯಿಂದ ಮೊನೆಯವರೆಗೆ ಪೂರ್ತಿ ಹೋಗಲಿ. ನೇರವಾಗುತ್ತಿರುವುದನ್ನು ಮತ್ತೆ ಬಾಗಿಸುವ ಉತ್ಸಾಹ ಮಾತ್ರ ಬೇಡ. ನೇರ ಬಾಯಿಯ ಚಾಕುವೂ ಚಾಕುವೇ, ಅದನ್ನು ಚಪ್ಪಟೆ ಕಲ್ಲಿನಲ್ಲೇ ನೆಮ್ಮದಿಯಾಗಿ ಮಸೆಯಬಹುದು.

ಹಿಮ್ಮಡಿಯಲ್ಲಿ ಗಿಣಿಮೂಗಿನಂಥ ಕೊಕ್ಕೆ ಉಳಿದು, ಹಗ್ಗ ಕೊಯ್ಯುವಾಗ ಅದು ಸಿಕ್ಕಿಕೊಳ್ಳುತ್ತದೆಯೇ? ಹಿಡಿಯ ಹತ್ತಿರ ಬಾಯಿ ಮುಗಿಯುವಲ್ಲಿ ಸಣ್ಣ ಕಚ್ಚು ಇಲ್ಲದ ಚಾಕುಗಳಲ್ಲಿ ಹೀಗಾಗುತ್ತದೆ. ಕಲ್ಲು ಆ ಕೊನೆಯ ಎರಡು ಮಿಲಿಮೀಟರಿನವರೆಗೆ ತಲುಪುವುದಿಲ್ಲ, ಮುಂದಿನದೆಲ್ಲ ಸವೆಯುತ್ತದೆ, ಅದು ಉಳಿಯುತ್ತದೆ. ವಜ್ರದ ಸಣ್ಣ ದುಂಡು ಅರದಿಂದ ಅಲ್ಲಿ ಅರ್ಧಚಂದ್ರದ ಕಚ್ಚೊಂದನ್ನು ಮಾಡಿದರೆ ಸಮಸ್ಯೆ ಶಾಶ್ವತವಾಗಿ ಹೋಗುತ್ತದೆ. ಮಾಮೂಲಿ ಅರ ಗಟ್ಟಿ ಉಕ್ಕಿನ ಮೇಲೆ ಜಾರುತ್ತದೆ.

ಮೊನೆ ದುಂಡಗಾಗಿದ್ದರೆ ಎಳೆತದ ಕೊನೆಯಲ್ಲಿ ಚಾಕು ಕಡ್ಡಿಯಿಂದ ಜಾರಿ ಬೀಳುತ್ತಿದೆ. ಮೊನೆ ಕಡ್ಡಿಯ ಮೇಲಿರುವಾಗಲೇ ನಿಲ್ಲಿಸಿ ಎತ್ತಿರಿ.

ಮಸೆದ ದಿನ ಹರಿತ, ಮರುದಿನ ಮೊಂಡು

ಇಲ್ಲಿ ಕಾರಣ ಒಂದಲ್ಲ, ಒಂದರ ಮದ್ದು ಇನ್ನೊಂದಕ್ಕೆ ಆಗುವುದೂ ಇಲ್ಲ. ಹಾಗಾಗಿ ಬೇರ್ಪಡಿಸಿ ನೋಡಬೇಕು.

ಮೊದಲ ಶಂಕೆ ಬರ್ ಮೇಲೆ. ಮೇಲೆ ಹೇಳಿದ ಆ ಉಕ್ಕಿನ ಎಳೆಯನ್ನು ತೆಗೆಯದೆ ಬಿಟ್ಟರೆ ಅದೇ ಕೆಲವು ಕೊಯ್ತಕ್ಕೆ ಅದ್ಭುತವಾಗಿ ಕತ್ತರಿಸುತ್ತದೆ, ಆಮೇಲೆ ಮಡಚಿಕೊಂಡು ಬಾಯಿಯನ್ನು ಮುಚ್ಚುತ್ತದೆ. ಮಸೆದ ಕೂಡಲೇ ಬಾಯಿಯನ್ನು ಹತ್ತಿಯ ಉಂಡೆಯ ಮೇಲೆ ಹಗುರವಾಗಿ ಎಳೆಯಿರಿ. ಎಳೆ ಉಳಿದ ಕಡೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಒಳಬಾಗಿನಲ್ಲೇ ಅದು ಹೆಚ್ಚು ಉಳಿಯುವುದು, ಏಕೆಂದರೆ ಚಪ್ಪಟೆ ಚರ್ಮದ ಪಟ್ಟಿಯ ಮೇಲೆ ಉಜ್ಜಿದರೆ ಅದೂ ಕಲ್ಲಿನ ಹಾಗೆಯೇ ಮಧ್ಯವನ್ನು ದಾಟುತ್ತದೆ. ಹಳೆಯ ಬೆಲ್ಟಿನ ತುಂಡನ್ನು ಅದೇ ಪಿವಿಸಿ ಪೈಪಿಗೆ ಅಂಟಿಸಿ, ಲೋಹದ ಪಾಲಿಶ್ ಸವರಿ, ಬದಿಬದಲಿಸುತ್ತಾ ಹೂವಿನಷ್ಟೇ ಒತ್ತಡದಲ್ಲಿ ಎಳೆಯಿರಿ. ಜೋಲು ಬಿಟ್ಟ ಬೆಲ್ಟಿನ ಮೇಲೆ ಎಳೆಯಬೇಡಿ, ಅದು ಬಾಯಿಗೆ ಸುತ್ತಿಕೊಂಡು ಅಂಚನ್ನು ಮತ್ತೆ ದುಂಡಗೆ ಮಾಡುತ್ತದೆ.

ಬರ್ ಹೋಗಿದೆ, ಆದರೂ ಬೇಗ ಮೊಂಡಾಗುತ್ತಿದೆ ಎಂದಾದರೆ ಈ ಚಾಕು ಎಂದಾದರೂ ಸಾಣೆ ಯಂತ್ರದ ಮುಂದೆ ನಿಂತಿತ್ತೇ ಎಂದು ಕೇಳಿಕೊಳ್ಳಿ. ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ಬೀದಿಗೆ ಬರುವವರಾಗಲಿ, ಅಂಗಡಿಯಲ್ಲಿ ಮೋಟಾರು ಇಟ್ಟುಕೊಂಡವರಾಗಲಿ, ಈಳಿಗೆಮಣೆಗೂ ಮಚ್ಚಿಗೂ ಹಿಡಿಯುವ ಹಾಗೆ ಇದಕ್ಕೂ ಹಿಡಿಯುತ್ತಾರೆ. ಚಕ್ರದ ಉಜ್ಜಾಟಕ್ಕೆ ಉಕ್ಕು ಕಾಯುತ್ತದೆ. ಮಚ್ಚಿನ ದಪ್ಪ ಉಕ್ಕು ಆ ಕಾವನ್ನು ಹೀರಿಕೊಳ್ಳುತ್ತದೆ. ಜೇಬಿನ ಚಾಕುವಿನ ತೆಳು ಅಂಚಿಗೆ ಆ ಶಕ್ತಿಯಿಲ್ಲ. ಮೈಸೂರಿನಲ್ಲಿ ನಮ್ಮ ಬೀದಿಗೆ ಬರುವ ಸಾಣೆಯವರಿಗೆ, ‘ಅಣ್ಣ, ಸ್ವಲ್ಪ ನೀರಿನಲ್ಲಿ ಅದ್ದಿ ಅದ್ದಿ ಹಿಡಿಯಿರಿ’ ಎಂದೆ. ‘ಹಾಗೆ ಹಿಡಿದರೆ ಸಂಜೆಯವರೆಗೂ ನಿಮ್ಮ ಬೀದಿಯಲ್ಲೇ ಇರಬೇಕಾಗುತ್ತದೆ ಸ್ವಾಮಿ’ ಎಂದರು. ಅವರ ಮಾತೂ ನ್ಯಾಯವೇ. ಕೂಲಿ ಚಾಕುವಿನ ಲೆಕ್ಕದಲ್ಲಿ, ಸಮಯದ ಲೆಕ್ಕದಲ್ಲಿ ಅಲ್ಲ.

ಮಾಮೂಲಿ ಕಾರ್ಬನ್ ಉಕ್ಕು ಕಾದಾಗ ಸುಮಾರು 230 ಡಿಗ್ರಿ ಸೆಲ್ಸಿಯಸ್ಸಿಗೆ ಒಣಹುಲ್ಲಿನ ಹಳದಿ, 300ರ ಹತ್ತಿರ ನೀಲಿ ಬಣ್ಣ ತಾಳುತ್ತದೆ. ನೀಲಿ ಕಂಡರೆ ಆ ಜಾಗದ ಗಡಸುತನ ಇಳಿದಿದೆ ಎಂದೇ ಅರ್ಥ. ಬಣ್ಣ ಕಾಣದಿದ್ದರೆ ನಿಶ್ಚಿಂತೆ ಎಂದಲ್ಲ: ಸ್ಟೇನ್‌ಲೆಸ್ ಉಕ್ಕಿನಲ್ಲಿ ಬಣ್ಣ ಕಾಣುವುದಕ್ಕೆ ಇನ್ನೂ ಹೆಚ್ಚು ಕಾವು ಬೇಕು, ಕಂಡದ್ದನ್ನು ಪಾಲಿಶ್ ಚಕ್ರ ಅಳಿಸಿಯೂ ಇರಬಹುದು. ಇದನ್ನು ಖಚಿತಪಡಿಸಿಕೊಳ್ಳಲು ಒಂದು ಉಪಾಯವಿದೆ. ಹೊಸ ಸಣ್ಣ ಅರದ ಮೂಲೆಯನ್ನು ಬೆನ್ನಿನ ಹತ್ತಿರ ಒಮ್ಮೆ, ಅಂಚಿನ ಇಳಿಜಾರಿನಲ್ಲಿ ಒಮ್ಮೆ ಹಗುರವಾಗಿ ಎಳೆಯಿರಿ. ಬೆನ್ನಿನ ಹತ್ತಿರ ಜಾರಿ, ಅಂಚಿನಲ್ಲಿ ಕಚ್ಚಿದರೆ ಅಂಚು ಮೆತ್ತಗಾಗಿದೆ. ಇದಕ್ಕೆ ಮದ್ದೆಂದರೆ ಕೈಯಿಂದಲೇ, ನೀರು ಹಾಕಿ, ಆ ಮೆತ್ತನೆಯ ಉಕ್ಕು ಪೂರ್ತಿ ಸವೆದು ಗಟ್ಟಿ ಉಕ್ಕು ಬರುವವರೆಗೆ ಮಸೆಯುವುದು. ಕಾವು ತಾಗಿದ ಆಳ ಕಡಿಮೆಯಿದ್ದರೆ ಕೆಲವೇ ಮಸೆತಗಳಲ್ಲಿ ಚಾಕು ಮೊದಲಿನಂತಾಗುತ್ತದೆ.

ಬರ್ ಇಲ್ಲ, ಸಾಣೆಯ ಚರಿತ್ರೆಯೂ ಇಲ್ಲ, ಆಗ ಕೆಲಸವನ್ನೇ ನೋಡಬೇಕು. ಕಬ್ಬಿನ ಗರಿಯಲ್ಲಿ, ಸಿಪ್ಪೆಯಲ್ಲಿ ಸಿಲಿಕಾ ಇದೆ, ಗಾಜಿನ ಬಂಧು. ಕೃಷ್ಣರಾಜಸಾಗರದ ನಾಲೆ ಹರಿಯುವ ಕಡೆಯೆಲ್ಲ ಕಬ್ಬಿದೆ, ಜೇಬಿನಲ್ಲಿ ಚಾಕು ಇದ್ದರೆ ಒಂದು ಜಲ್ಲೆ ಸುಲಿಯದೆ ಇರಲು ಯಾರಿಗೂ ಆಗುವುದಿಲ್ಲ. ಗೊಬ್ಬರದ ಚೀಲದ ಹೊಲಿಗೆಯಲ್ಲಿ ಮಣ್ಣು, ಹರಳು ಸೇರಿಕೊಂಡಿರುತ್ತವೆ. ಇವು ಯಾವ ಉಕ್ಕನ್ನಾದರೂ ಸವೆಸುತ್ತವೆ. ದಿನವಿಡೀ ಅದೇ ಕೆಲಸವಾದರೆ ಒಂದೊಂದು ಬದಿಗೆ 20 ಡಿಗ್ರಿಗೆ ಏರಿಸಿ, 800ಕ್ಕೇ ನಿಲ್ಲಿಸಿ. ಅಂಚಿನಲ್ಲಿ ಉಳಿಯುವ ಸಣ್ಣ ಹಲ್ಲು ನಾರನ್ನು ಹಿಡಿಯುತ್ತದೆ. ಕಬ್ಬು ಕಡಿಯುವುದು, ಎಳನೀರು ಕೆತ್ತುವುದು ಈ ಚಾಕುವಿನ ಕೆಲಸವೇ ಅಲ್ಲ. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಯಾರ ಕೈಯಲ್ಲೂ ಮಡಚು ಚಾಕು ಕಾಣುವುದಿಲ್ಲ, ಮಚ್ಚು ಕಾಣುತ್ತದೆ. ಕಾಯಿಯಲ್ಲಿ ಸಿಕ್ಕಿಸಿ ಪಕ್ಕಕ್ಕೆ ತಿರುಚಿದರೆ ಅಂಚಿನ ಚೂರು ಹಾರುತ್ತದೆ, ಮಡಿಕೆಯ, ಅಂದರೆ ಅಲಗು ಮಡಚಿಕೊಳ್ಳುವ ಕೀಲಿನ, ಸ್ಕ್ರೂ ಸಡಿಲವಾಗುತ್ತದೆ.

ಬಳಸದಿದ್ದರೂ ಒಂದೇ ಜಾಗದಲ್ಲಿ ಕಚ್ಚು

ಜೇಬಿನಲ್ಲಿ ಸುಮ್ಮನೆ ಇದ್ದ ಚಾಕುವಿನಲ್ಲಿ, ಪ್ರತಿ ಸಲವೂ ಅದೇ ಜಾಗದಲ್ಲಿ, ಹೆಚ್ಚಾಗಿ ಹೊಟ್ಟೆಯ ತುತ್ತತುದಿಯಲ್ಲಿ, ಟಾರ್ಚಿನ ಬೆಳಕಿಗೆ ಒಂದು ಚುಕ್ಕಿ ಹೊಳೆಯುತ್ತದೆ. ಮಸೆದರೆ ಹೋಗುತ್ತದೆ, ವಾರದಲ್ಲಿ ಮತ್ತೆ ಬರುತ್ತದೆ. ಮಡಚಿದಾಗ ಬಾಯಿ ಹಿಡಿಯ ಒಳಗಿನ ಲೋಹಕ್ಕೆ ತಾಗುತ್ತಿದೆ. ಒಳಬಾಗಿನ ಚಾಕುಗಳಲ್ಲಿ ಹೊಟ್ಟೆ ಹೆಚ್ಚು ಹೊರಚಾಚಿರುವುದರಿಂದ ಅದಕ್ಕೆ ಹಿಡಿಯೊಳಗೆ ಇರುವ ಜಾಗವೇ ಕಡಿಮೆ.

ಖಚಿತಪಡಿಸಿಕೊಳ್ಳಲು ಅಂಚಿಗೆ ಶಾಯಿ ಬಳಿದು ನಿಧಾನವಾಗಿ ಮಡಚಿ, ಮುಚ್ಚಿದ ಮೇಲೆ ಹಿಡಿ ಮತ್ತು ಬೆನ್ನನ್ನು ಬೆರಳುಗಳ ನಡುವೆ ಸ್ವಲ್ಪ ಒತ್ತಿ, ಮತ್ತೆ ಬಿಡಿಸಿ ಹಿಡಿಯೊಳಗೆ ನೋಡಿ. ಶಾಯಿ ಅಂಟಿದ್ದರೆ ಕಾರಣ ಸಿಕ್ಕಿತು. ಲಾಕ್ ಇಲ್ಲದ, ಸ್ಪ್ರಿಂಗಿನಿಂದ ನಿಲ್ಲುವ ಹಳೆಯ ಮಾದರಿಯ ಚಾಕುವಾಗಿದ್ದರೆ ಹಿಮ್ಮಡಿಯ ಹಿಂದೆ ಬಾಯಿಯಿಲ್ಲದ ಸಣ್ಣ ಉಬ್ಬೊಂದಿರುತ್ತದೆ. ಮುಚ್ಚಿದಾಗ ಅಲಗು ಕೂರುವುದು ಅದರ ಮೇಲೆ. ಮಸೆಯುವ ಭರದಲ್ಲಿ ಅದನ್ನೂ ತಿಂದಿದ್ದರೆ ಅಲಗು ಒಳಕ್ಕೆ ಕುಸಿಯುತ್ತದೆ. ಹಿಡಿಯೊಳಗೆ ತಾಗುವ ಜಾಗಕ್ಕೆ ತೆಳುವಾದ ಚರ್ಮದ ತುಂಡೊಂದನ್ನು ಅಂಟಿಸಿದರೆ ಕಚ್ಚು ನಿಲ್ಲುತ್ತದೆ. ‘ಟಕ್’ ಎಂದು ಶಬ್ದ ಬರುವಂತೆ ಮಡಚುವ ಶೋಕಿಯನ್ನೂ ಬಿಡಬೇಕು.

ಬಿಚ್ಚಲು ಬಿಗಿ, ಮೈಮೇಲೆ ಕಲೆ

ಕಬ್ಬಿನ ಹಾಲು ಮಡಿಕೆಯಲ್ಲಿ ಒಣಗಿ ಬೆಲ್ಲವಾದರೆ ಚಾಕು ಬಿಚ್ಚುವುದಿಲ್ಲ. ಬಿಸಿನೀರು, ಎರಡು ಹನಿ ಪಾತ್ರೆ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಆಮೇಲೆ ಚೆನ್ನಾಗಿ ಒಣಗಿಸಿ ಒಂದು ಹನಿ ಎಣ್ಣೆ. ಎಣ್ಣೆ ಎಂದ ಕೂಡಲೇ ಕೊಬ್ಬರಿ ಎಣ್ಣೆಗೆ ಕೈ ಹೋಗುತ್ತದೆ, ಹೋಗಬಾರದು. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮೈಸೂರಿನ ಡಿಸೆಂಬರ್, ಜನವರಿಯ ರಾತ್ರಿಗಳು ಅದಕ್ಕಿಂತ ತಣ್ಣಗಿರುತ್ತವೆ. ಬೆಳಿಗ್ಗೆ ಬಿಗಿ, ಮಧ್ಯಾಹ್ನ ಸಲೀಸು ಎನ್ನುವ ವಿಚಿತ್ರ ದೂರಿನ ಹಿಂದೆ ಇದಿರಬಹುದು. ಹೊಲಿಗೆ ಯಂತ್ರದ ಎಣ್ಣೆ ಬಳಸಿ. ಒಣಗಿದ ಮೇಲೂ ಬಿಗಿ ಇದ್ದರೆ ಮಾತ್ರ ಮಡಿಕೆಯ ಸ್ಕ್ರೂ ಮುಟ್ಟಿ, ಅದೂ ಕೂದಲೆಳೆಯಷ್ಟು ತಿರುಗಿಸಿ, ಅಲಗು ಪಕ್ಕಕ್ಕೆ ಅಲ್ಲಾಡುತ್ತಿಲ್ಲವೆಂದು ನೋಡಿ.

ಕಲೆಗಳ ವಿಷಯ ಚಿಕ್ಕದು. ನಿಂಬೆ, ಮಾವು, ಎಳನೀರಿನ ಸಿಪ್ಪೆಯ ಒಗರು ಮೂರೂ ಕಾರ್ಬನ್ ಉಕ್ಕನ್ನು ಕಪ್ಪಾಗಿಸುತ್ತವೆ; ಕಪ್ಪು ಅಪಾಯವಲ್ಲ, ಕೆಂಪು ಅಪಾಯ. ನಮ್ಮ ಕಡೆ ಕೆಂಪು ತುಕ್ಕಿಗೆ ವಾರ್ಷಿಕ ಮುಹೂರ್ತವೊಂದಿದೆ, ಆಯುಧಪೂಜೆ. ತೇವದ ಅರಿಸಿನ ಕುಂಕುಮ, ಮೇಲೊಂದು ಒದ್ದೆ ಹೂವು, ವಿಜಯದಶಮಿಯ ಮೆರವಣಿಗೆ ಮುಗಿಯುವವರೆಗೂ ಯಾರೂ ಒರೆಸುವುದಿಲ್ಲ. ಪೂಜೆಗೆ ಮೊದಲು ಅಲಗಿಗೆ ತೆಳ್ಳಗೆ ಎಣ್ಣೆ ಸವರಿ, ಬೊಟ್ಟನ್ನು ಹಿಡಿಗೆ ಇಟ್ಟರೆ ದೇವಿಗೇನೂ ಬೇಸರವಾಗದು.

ಜೇಬಿನಲ್ಲಿ ತಾನಾಗಿ ಬಿಚ್ಚಿಕೊಳ್ಳುತ್ತದೆ

ಇದು ಇರುವುದರಲ್ಲೆಲ್ಲ ಅಪಾಯದ ದೋಷ, ಇದನ್ನು ಸರಿಪಡಿಸುವವರೆಗೆ ಚಾಕು ಜೇಬಿಗೆ ಹೋಗಬಾರದು. ಮುಚ್ಚಿದ ಚಾಕುವನ್ನು ಮೊನೆ ಹೊರಬರುವ ಬದಿ ಕೆಳಗಾಗುವಂತೆ ಹಿಡಿದು ಮಣಿಕಟ್ಟಿನಿಂದ ಲಘುವಾಗಿ ಕೊಡವಿ. ಕೈ ದೂರವಿರಲಿ, ಕಾಲೂ ದೂರವಿರಲಿ. ಅಲಗು ಇಣುಕಿದರೆ ಮುಚ್ಚಿದ ಸ್ಥಿತಿಯಲ್ಲಿ ಹಿಡಿದಿಡುವ ಗುಂಡು ಅಥವಾ ಸ್ಪ್ರಿಂಗ್ ಸವೆದಿದೆ. ಮಡಿಕೆಯ ಸ್ಕ್ರೂ ಸ್ವಲ್ಪ ಬಿಗಿಮಾಡಿದರೆ ಕೆಲವೊಮ್ಮೆ ಸರಿಹೋಗುತ್ತದೆ. ಹೋಗದಿದ್ದರೆ ಅದನ್ನು ಮೇಜಿನ ಖಾನೆಯ ಚಾಕು ಮಾಡಿಕೊಳ್ಳಿ. ಚಾಕು ಸರಿಯಾಗಿದ್ದರೂ ಅದಕ್ಕೆ ಜೇಬಿನ ಕ್ಲಿಪ್ ಇದ್ದರೆ ಅಲಗಿನ ಬೆನ್ನು ಜೇಬಿನ ಹಿಂದಿನ ಹೊಲಿಗೆಗೆ ಒತ್ತಿ ನಿಲ್ಲುವಂತೆ ಸಿಕ್ಕಿಸಿ, ಆಗ ಅಲಗಿಗೆ ಬಿಚ್ಚಿಕೊಳ್ಳಲು ಜಾಗವೇ ಇರುವುದಿಲ್ಲ. ಪಂಚೆ ಉಡುವವರಿಗೆ ಕ್ಲಿಪ್ ನಿಲ್ಲುವುದಿಲ್ಲ, ಸೊಂಟದ ಬೆಲ್ಟಿಗೆ ಸೇರಿಸುವ ಚರ್ಮದ ಚೀಲ ಬೇಕು.

ಕಾನೂನಿನ ಬಗ್ಗೆ ಕೇಳುವವರಿಗೆ: 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಬರುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳು, ಅದೂ ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಬಳಕೆಗೆಂದು ಮಾಡಿದವನ್ನು ಬಿಟ್ಟು. ಮೂರು ಇಂಚಿನ ಚಾಕು ಆ ಅಳತೆಗೆ ಬಹಳ ದೂರ. ಹಾಗೆಂದು ಎಲ್ಲೆಡೆ ಒಯ್ಯಬಹುದು ಎಂದಲ್ಲ. ವಿಮಾನದ ಕೈಚೀಲದಲ್ಲಿ ಇಡುವಂತಿಲ್ಲ, ನ್ಯಾಯಾಲಯದ ಆವರಣಕ್ಕೆ, ಅರಮನೆಯ ತಪಾಸಣೆಗೆ ಒಯ್ಯುವುದು ವಿವೇಕವಲ್ಲ, ನಿಷೇಧಾಜ್ಞೆ ಜಾರಿಯಲ್ಲಿರುವ ಊರಿನಲ್ಲಿ ಪೊಲೀಸರಿಗೆ ‘ಬಾಳೆ ಎಲೆ ಕೊಯ್ಯುವುದಕ್ಕೆ’ ಎಂದು ವಿವರಿಸುತ್ತಾ ನಿಲ್ಲುವುದೂ ಹಿತವಲ್ಲ. ದಸರಾ ನೋಡಲು ಹೊರಟ ದಿನ ಚಾಕು ಮನೆಯಲ್ಲೇ ಇರಲಿ, ಪೂಜೆಯಲ್ಲಿ ಹೇಗೂ ಕುಳಿತಿರುತ್ತದೆ.